ಕುರುಕಲು ತಿಂಡಿಯಲ್ಲಿ ಪ್ಲಾಸ್ಟಿಕ್ಕೂ ಇಲ್ಲ, ಸೋಯಾನೂ ಇಲ್ಲ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಒಂಬತ್ತನೇ ಇಯತ್ತೆಯ ಪಾಠದಲ್ಲಿ ಒಂದು ಹಳದಿ ಕುರುಕಲು ತಿಂಡಿಯನ್ನು ಇಕ್ಕಳದಲ್ಲಿ ಹಿಡಿದು ಸ್ಪಿರಿಟ್ ದೀಪಕ್ಕೆ ಒಡ್ಡಿದೆ. ಭಗ್ಗನೆ ಹತ್ತಿಕೊಂಡಿತು, ಕಪ್ಪು ಹೊಗೆ ಬಂತು, ತುದಿಯಿಂದ ಏನೋ ಕರಗಿ ತೊಟ್ಟಿಕ್ಕಿತು. "ನೋಡಿದ್ರಿಲ್ಲೋ? ಇದರಾಗ ಪ್ಲಾಸ್ಟಿಕ್ ಐತಿ. ಇನ್ನ ಮ್ಯಾಲ ಯಾರೂ ತಿನ್ನಬ್ಯಾಡ್ರಿ" ಅಂದೆ. ವರ್ಗವೆಲ್ಲ ಗಪ್ಪಾಯಿತು. ಪಾಠ ಚಲೋ ಆಯಿತು ಅಂತ ನನಗೂ ಅನ್ನಿಸಿತು.

ಮರುದಿನ ಅದೇ ವರ್ಗದ ಒಬ್ಬ ಹುಡುಗಿ ಒಂದು ಮುಷ್ಟಿ ಶೇಂಗಾ ತಂದು ನನ್ನ ಮೇಜಿನ ಮೇಲಿಟ್ಟಳು. "ಸರ್, ರಾತ್ರಿ ಒಲಿ ಮುಂದ ಕುಂತು ಇದನ್ನೂ ಸುಟ್ಟು ನೋಡೀನ್ರಿ. ಅದಕ್ಕಿಂತ ಜೋರ್ ಉರೀತ್ರಿ. ಹಂಗಾದ್ರ ಶೇಂಗಾನೂ ಪ್ಲಾಸ್ಟಿಕ್ ಏನ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇತ್ತು, ಆದರೆ ಅದನ್ನು ಹೇಳಿದರೆ ನಿನ್ನೆ ಹೇಳಿದ್ದು ಸುಳ್ಳು ಅಂತ ಒಪ್ಪಿಕೊಳ್ಳಬೇಕಿತ್ತು. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ, ಆದ್ದರಿಂದ ಉರಿಯುತ್ತದೆ. ಕುರುಕಲು ತಿಂಡಿಯಲ್ಲಿ ಮೂರನೇ ಒಂದು ಪಾಲಿನಷ್ಟು ಎಣ್ಣೆ, ಉಳಿದದ್ದು ಬಹುಪಾಲು ಪಿಷ್ಟ. ಮೇಲಾಗಿ ಒಳಗೆಲ್ಲ ಗಾಳಿಯ ಗುಳ್ಳೆ. ಉರಿಯದೆ ಇನ್ನೇನು ಮಾಡೀತು? ಹಪ್ಪಳ ಸುಡುತ್ತದೆ, ಒಣ ರೊಟ್ಟಿ ಸುಡುತ್ತದೆ. ಕಾರ್ಬನ್ನು, ಹೈಡ್ರೋಜನ್ನು ಇರುವ ಒಣ ವಸ್ತು ಉರಿಯುವುದು ಸಹಜ. ಸುಟ್ಟು ನೋಡುವುದರಿಂದ ಪ್ಲಾಸ್ಟಿಕ್ ಹೌದೋ ಅಲ್ಲವೋ ಅಂತ ತೀರ್ಮಾನ ಆಗುವುದಿಲ್ಲ. ತೀರ್ಮಾನ ಬೇಕಿದ್ದರೆ ಒಂದು ಹನಿ ಅಯೋಡಿನ್ ಹಾಕಬೇಕು. ಕರಿನೀಲಿ ಬಣ್ಣ ಬಂದರೆ ಅದು ಪಿಷ್ಟ. ಪ್ಲಾಸ್ಟಿಕ್ ಚೂರಿಗೆ ಹಾಕಿದರೆ ಅಯೋಡಿನ್ ತನ್ನ ಕಂದು ಬಣ್ಣದಲ್ಲೇ ಇರುತ್ತದೆ. ಇದು ನಿಮ್ಮ ಕೆಳಗಿನ ಇಯತ್ತೆಯ ಪ್ರಯೋಗ. ಮಾಡಬೇಕಾದ ಮಾಸ್ತರನೇ ಅದನ್ನು ಬಿಟ್ಟು ವಾಟ್ಸಾಪಿನ ವಿಡಿಯೊ ನೋಡಿ ಪಾಠ ಮಾಡಿದ್ದ.

ಆ ವಿಡಿಯೊಗಳಿಗೆ ಹಳೆಯ ಕಥೆ ಇದೆ. ಕುರ್ಕುರೆ ನಮ್ಮ ದೇಶದ ಅಂಗಡಿಗಳಿಗೆ ಬಂದದ್ದು 1999ರಲ್ಲಿ. ಅದರಲ್ಲಿ ಪ್ಲಾಸ್ಟಿಕ್ ಇದೆ ಅನ್ನುವ ಮಾತು ಎಷ್ಟು ಹಬ್ಬಿತೆಂದರೆ 2018ರಲ್ಲಿ ಕಂಪನಿ ದೆಹಲಿ ಹೈಕೋರ್ಟಿಗೆ ಹೋಗಿ ಅಂಥ ವಿಡಿಯೊ, ಪೋಸ್ಟುಗಳನ್ನು ತೆಗೆಸಲು ಆದೇಶ ತರಬೇಕಾಯಿತು. ಪೊಟ್ಟಣದ ಹಿಂದೆ ಓದಿದರೆ ಸಿಗುವುದು ಇಷ್ಟು: ಅಕ್ಕಿ ಹಿಟ್ಟು, ಗೋವಿನಜೋಳದ ಹಿಟ್ಟು, ಕಡಲೆ ಹಿಟ್ಟು, ಎಣ್ಣೆ, ಉಪ್ಪು, ಮಸಾಲೆ. ನಮ್ಮ ಕಡೆ ಬರೀ ಜೋಳ ಅಂದರೆ ರೊಟ್ಟಿಯ ಬಿಳಿಜೋಳವೇ. ಹಾಗಾಗಿ ಗೋವಿನಜೋಳ ಅಂತ ಬಿಡಿಸಿ ಹೇಳುತ್ತಿದ್ದೇನೆ. ಮರಾಠಿಯಲ್ಲಿ ಅದೇ ಮಕಾ, ಬೆಂಗಳೂರಿನ ಪುಸ್ತಕಗಳಲ್ಲಿ ಮೆಕ್ಕೆಜೋಳ ಇಲ್ಲವೆ ಮುಸುಕಿನಜೋಳ.

ಹಾಗಾದರೆ ಈ ತಿಂಡಿ ತಿನ್ನಲು ಅಡ್ಡಿಯಿಲ್ಲವೇ ಅಂತ ನೀವು ಕೇಳುತ್ತೀರಿ. ತಡೆಯಿರಿ. ಅದನ್ನು ಮಾಡುವ ಯಂತ್ರದ ಬಗ್ಗೆ ಮೊದಲು ಹೇಳಬೇಕು, ಯಾಕೆಂದರೆ ಪೂರಾ ವಿಷಯ ಇರುವುದು ಅಲ್ಲೇ.

ದೀಪಾವಳಿಗೆ ಮನೆಯಲ್ಲಿ ಚಕ್ಕಲಿ ಒತ್ತುತ್ತಾರಲ್ಲ, ಹಿಟ್ಟನ್ನು ನಳಿಗೆಗೆ ತುಂಬಿ ತೂತಿನ ಬಿಲ್ಲೆಯಿಂದ ಹೊರಗೆ ನೂಕುವುದು, ಅದಕ್ಕೆ ವಿಜ್ಞಾನದಲ್ಲಿ ಎಕ್ಸ್‌ಟ್ರೂಷನ್ ಅನ್ನುತ್ತಾರೆ. ಶ್ಯಾವಿಗಿ ಯಂತ್ರವೂ ಇದೇ ಜಾತಿ. ಕಾರ್ಖಾನೆಯ ಎಕ್ಸ್‌ಟ್ರೂಡರಿನಲ್ಲಿ ಕೈ ಬದಲು ಮೋಟಾರು, ಒತ್ತುವ ಹಿಡಿಯ ಬದಲು ದಪ್ಪ ಉಕ್ಕಿನ ನಳಿಗೆಯೊಳಗೆ ತಿರುಗುವ ಒಂದು ಸ್ಕ್ರೂ. ಒಂದು ತುದಿಯಲ್ಲಿ ಗೋವಿನಜೋಳದ ರವೆ ಸುರಿಯುತ್ತಾರೆ. ಅದರಲ್ಲಿ ನೀರು ನೂರಕ್ಕೆ 12ರಿಂದ 18ರಷ್ಟು ಮಾತ್ರ, ಮುಟ್ಟಿದರೆ ಒದ್ದೆ ಅನ್ನಿಸುವುದೂ ಇಲ್ಲ. ಸ್ಕ್ರೂ ಅದನ್ನು ಮುಂದೆ ನೂಕುತ್ತ ತಿಕ್ಕುತ್ತದೆ, ಅರೆಯುತ್ತದೆ. ಆ ತಿಕ್ಕಾಟದ ಬಿಸಿ, ನಳಿಗೆಗೆ ಕೊಡುವ ಬಿಸಿ ಎರಡೂ ಸೇರಿ 120ರಿಂದ 180 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುತ್ತದೆ. ರವೆ ಹೋಗಿ ಕರಗಿದ ಮೇಣದಂಥ ಮುದ್ದೆ ಆಗುತ್ತದೆ. ಇದೆಲ್ಲ ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದ ಕೆಲಸ.

ಈಗ ಪ್ರಶ್ನೆ: 150 ಡಿಗ್ರಿಯಲ್ಲಿ ಆ ನೀರು ಯಾಕೆ ಆವಿ ಆಗಲಿಲ್ಲ? ಉತ್ತರ ನಿಮ್ಮ ಅಡುಗೆ ಮನೆಯಲ್ಲೇ ಇದೆ. ಕುಕ್ಕರಿನೊಳಗೆ ಒತ್ತಡ ಹೊರಗಿನ ಗಾಳಿಯ ಎರಡರಷ್ಟು, ಆದ್ದರಿಂದ ನೀರು 120 ಡಿಗ್ರಿ ಆಗುವವರೆಗೆ ಕುದಿಯುವುದಿಲ್ಲ. ಎಕ್ಸ್‌ಟ್ರೂಡರಿನಲ್ಲಿ ಒತ್ತಡ ಅದಕ್ಕಿಂತ ಎಷ್ಟೋ ಪಟ್ಟು. ನೀರು ನೀರಾಗಿಯೇ ಸಿಕ್ಕಿಕೊಂಡಿರುತ್ತದೆ. ಆ ಮುದ್ದೆ ಕೊನೆಯ ಸಣ್ಣ ತೂತಿನಿಂದ ಹೊರಗೆ ಬಂದ ಕ್ಷಣದಲ್ಲಿ ಒತ್ತಡ ಒಮ್ಮೆಲೇ ಇಳಿಯುತ್ತದೆ. ಒಂದು ಗ್ರಾಂ ನೀರು 100 ಡಿಗ್ರಿಯಲ್ಲಿ ಆವಿಯಾದರೆ ಅದಕ್ಕೆ ಸುಮಾರು 1700 ಮಿಲಿಲೀಟರ್ ಜಾಗ ಬೇಕು. ಜಾಗ ಮಾಡಿಕೊಳ್ಳಲು ಆವಿ ಮುದ್ದೆಯನ್ನು ಉಬ್ಬಿಸುತ್ತದೆ. ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಅದೇ ಮುದ್ದೆಯಿಂದ ಕಿತ್ತುಕೊಳ್ಳುವುದರಿಂದ ಮುದ್ದೆ ಕೂಡಲೇ ತಣ್ಣಗಾಗಿ ಉಬ್ಬಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಕುರುಂ ಅನ್ನುವ ಸದ್ದು ಬರುವುದು ಆ ಗುಳ್ಳೆಗಳ ತೆಳ್ಳನೆಯ ಗೋಡೆ ಮುರಿದಾಗ.

ಇದು ಯಾರೋ ತಿಂಡಿ ಮಾಡಲು ಕೂತು ಕಂಡುಹಿಡಿದದ್ದಲ್ಲ. 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೆಲಾಯ್ಟ್ ಊರಿನಲ್ಲಿ ದನದ ಮೇವು ತಯಾರಿಸುವ ಕಾರ್ಖಾನೆ ಇತ್ತು. ಯಂತ್ರ ಸಿಕ್ಕಿಕೊಳ್ಳಬಾರದು ಅಂತ ಕೆಲಸಗಾರರು ನಡುನಡುವೆ ನೆನೆದ ಗೋವಿನಜೋಳ ಹಾಕುತ್ತಿದ್ದರು. ಅದು ಇನ್ನೊಂದು ತುದಿಯಿಂದ ಉಬ್ಬಿದ ಸುರುಳಿಯಾಗಿ ಬೀಳುತ್ತಿತ್ತು. ಎಡ್ವರ್ಡ್ ವಿಲ್ಸನ್ ಅನ್ನುವ ಕೆಲಸಗಾರ ಅದನ್ನು ಮನೆಗೆ ಒಯ್ದು ಕರಿದು, ಉಪ್ಪು ಹಾಕಿ ತಿಂದು ನೋಡಿದ. ಇವತ್ತು ನೀವು ಅಂಗಡಿಯಲ್ಲಿ ಐದು ರೂಪಾಯಿ ಕೊಟ್ಟು ತರುವ ಪೊಟ್ಟಣ ಅಲ್ಲಿಂದ ಹುಟ್ಟಿದ್ದು.

ಇನ್ನು ಸೋಯಾ. ಅಕ್ಕಲಕೋಟೆ ತಾಲೂಕಿನಲ್ಲಿ ಮುಂಗಾರಿನಲ್ಲಿ ಉದ್ದು, ತೊಗರಿ ಜೊತೆ ಸೋಯಾಬೀನ್ ಬಿತ್ತುತ್ತಾರೆ, ನಿಮಗೇ ಗೊತ್ತು. ರಾಶಿ ಮಾಡುವ ದಿನಗಳಲ್ಲಿ ಹಿಂದಿನ ಬೆಂಚು ಖಾಲಿ ಇರುತ್ತದೆ. ಆ ಕಾಳು ಮಾರ್ಕೆಟ್ ಯಾರ್ಡಿಗೆ, ಅಲ್ಲಿಂದ ಲಾತೂರಿನಂಥ ಕಡೆ ಎಣ್ಣೆ ಮಿಲ್ಲುಗಳಿಗೆ ಹೋಗುತ್ತದೆ. ಎಣ್ಣೆ ಡಬ್ಬಿಗೆ, ಹಿಂಡಿಯ ಬಹುಭಾಗ ಕೋಳಿ ಫಾರಂಗೆ. ಬೆಳೆದ ಮನೆಯ ತಾಟಿಗೆ ಸೋಯಾ ಬರುವುದು ಅಪರೂಪ. ಯಾಕೆ ಅಂತ ಕೇಳಿದರೆ ನಮ್ಮ ಅವ್ವಂದಿರು ಹೇಳುವುದು ಒಂದೇ ಮಾತು: "ಹಸಿ ವಾಸನಿ ಬರತೈತಿ, ಹೊಟ್ಟಿಗೂ ಆಗೂದಿಲ್ಲ."

ಅವರ ಮಾತು ಸುಳ್ಳಲ್ಲ. ಸೋಯಾದಲ್ಲಿ ನೂರಕ್ಕೆ 40ರಷ್ಟು ಪ್ರೋಟೀನು, 20ರಷ್ಟು ಎಣ್ಣೆ. ಆದರೆ ಹಸಿ ಕಾಳಿನಲ್ಲಿ ಟ್ರಿಪ್ಸಿನ್‌ಗೆ ಅಡ್ಡಗಾಲು ಹಾಕುವ ಇನ್ನೊಂದು ಪ್ರೋಟೀನೂ ಇದೆ. ಟ್ರಿಪ್ಸಿನ್ ಅಂದರೆ ನಮ್ಮ ಸಣ್ಣ ಕರುಳಿನಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವ. 1917ರಲ್ಲಿಯೇ ಓಸ್ಬೋರ್ನ್ ಮತ್ತು ಮೆಂಡೆಲ್ ಅನ್ನುವ ಇಬ್ಬರು ಅಮೆರಿಕದ ವಿಜ್ಞಾನಿಗಳು ಇಲಿಗಳಿಗೆ ಹಸಿ ಸೋಯಾ ತಿನ್ನಿಸಿ ನೋಡಿದರು, ಸರಿಯಾಗಿ ಬೆಳೆಯಲಿಲ್ಲ. ಅದೇ ಸೋಯಾ ಬೇಯಿಸಿ ಕೊಟ್ಟಾಗ ಬೆಳೆದವು. ಹಸಿ ವಾಸನೆಗೆ ಕಾರಣ ಬೇರೆಯೇ ಒಂದು ಕಿಣ್ವ, ಅದೂ ಬಿಸಿಗೆ ಸಾಯುತ್ತದೆ. ಆದ್ದರಿಂದ ಕಾಳನ್ನು ಹಸಿಯಾಗಿ ಗಿರಣಿಗೆ ಹಾಕಿ ಗೋದಿ ಹಿಟ್ಟಿಗೆ ಬೆರೆಸಬಾರದು. ಇಪ್ಪತ್ತು ಇಪ್ಪತ್ತೈದು ನಿಮಿಷ ಕುದಿಸಿ, ಒಣಗಿಸಿ ಬೀಸಬೇಕು. ಎಕ್ಸ್‌ಟ್ರೂಡರ್ ಈ ಕೆಲಸವನ್ನು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ.

ಈಗ ಒಂದು ಲೆಕ್ಕ. ಪೆನ್ಸಿಲ್ ತಗೊಳ್ಳಿ. ಗೋವಿನಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಮೈನೊ ಆಮ್ಲ ಕಡಿಮೆ, 100 ಗ್ರಾಂ ಪ್ರೋಟೀನಿಗೆ ಸುಮಾರು 2.7 ಗ್ರಾಂ. ಸೋಯಾ ಪ್ರೋಟೀನಿನಲ್ಲಿ ಸುಮಾರು 6.3 ಗ್ರಾಂ. ನಿಮ್ಮ ವಯಸ್ಸಿನವರಿಗೆ ಬೇಕಾದದ್ದು 4.8ರ ಹತ್ತಿರ. 70 ಗ್ರಾಂ ಗೋವಿನಜೋಳಕ್ಕೆ 30 ಗ್ರಾಂ ಸೋಯಾ ಬೆರೆಸಿ. ಗೋವಿನಜೋಳದಿಂದ ನೂರಕ್ಕೆ 9ರಂತೆ 6.3 ಗ್ರಾಂ ಪ್ರೋಟೀನು, ಸೋಯಾದಿಂದ ನೂರಕ್ಕೆ 40ರಂತೆ 12 ಗ್ರಾಂ, ಒಟ್ಟು 18.3. ಅದರಲ್ಲಿ ಲೈಸಿನ್ 0.17 ಮತ್ತು 0.76 ಸೇರಿ 0.93 ಗ್ರಾಂ. 100 ಗ್ರಾಂ ಪ್ರೋಟೀನಿಗೆ ಹಚ್ಚಿದರೆ 5 ಗ್ರಾಂ ದಾಟುತ್ತದೆ. ಎರಡು ಬಡ ಗೆಳೆಯರು ದುಡ್ಡು ಕೂಡಿಸಿ ಸೈಕಲ್ ತಂದ ಹಾಗೆ. ಸೋಯಾದಲ್ಲಿ ಕಡಿಮೆ ಇರುವ ಗಂಧಕದ ಅಮೈನೊ ಆಮ್ಲಗಳನ್ನು ಗೋವಿನಜೋಳ ತುಂಬಿಕೊಡುತ್ತದೆ. ಬಿಳಿಜೋಳದಲ್ಲೂ ಲೈಸಿನ್ ಕಡಿಮೆಯೇ. ರೊಟ್ಟಿಗೆ ತೊಗರಿಬೇಳೆ, ಹೆಸರುಕಾಳು ಪಲ್ಯ ಬೇಕು ಅಂತ ನಮ್ಮ ಹಿರಿಯರು ಅಮೈನೊ ಆಮ್ಲದ ಹೆಸರು ಕೇಳದೆಯೇ ಮಾಡಿಕೊಂಡಿದ್ದರು.

ಹೊಸದೇನೂ ಅಲ್ಲ ಇದು. 1960ರ ದಶಕದಲ್ಲಿ ಅಮೆರಿಕದಿಂದ ಬರುತ್ತಿದ್ದ ನೆರವಿನ ಹಿಟ್ಟು ಗೋವಿನಜೋಳ, ಸೋಯಾ, ಹಾಲಿನ ಪುಡಿಯ ಮಿಶ್ರಣವೇ. ಶ್ರೀಲಂಕಾದಲ್ಲಿ 1970ರ ದಶಕದಿಂದ ಗರ್ಭಿಣಿಯರಿಗೆ, ಸೊರಗಿದ ಮಕ್ಕಳಿಗೆ ಸರಕಾರ ಪುಕ್ಕಟೆ ಕೊಡುವ 'ತ್ರಿಪೋಷ' ಗೋವಿನಜೋಳ ಮತ್ತು ಸೋಯಾವನ್ನು ಎಕ್ಸ್‌ಟ್ರೂಡರಿನಲ್ಲಿ ಬೇಯಿಸಿ ಪುಡಿ ಮಾಡಿದ್ದು. ನಮ್ಮ ಮೈಸೂರಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಸೋಯಾ ಇನ್ನೂ ನಮ್ಮ ಹೊಲಕ್ಕೆ ಬಾರದಿದ್ದ ಕಾಲದಲ್ಲಿ, ಎಣ್ಣೆ ತೆಗೆದ ಶೇಂಗಾ ಹಿಟ್ಟು 75 ಪಾಲು, ಕಡಲೆ ಹಿಟ್ಟು 25 ಪಾಲು ಸೇರಿಸಿ ಬಹೂಪಯೋಗಿ ಆಹಾರ ಅಂತ ಮಾಡಿತ್ತು. ಸೋಲಾಪುರದಲ್ಲೇ ಹಿಂಗಾರಿ ಜೋಳದ ಸಂಶೋಧನಾ ಕೇಂದ್ರ ಇದೆ. ಅದರ ಮಾತೃಸಂಸ್ಥೆ, ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ಜೋಳದಿಂದ ಶ್ಯಾವಿಗಿ, ಪಾಸ್ತಾ, ಅವಲಕ್ಕಿ ಮಾಡಿ ಮಾರಾಟಕ್ಕೂ ತಂದಿದೆ. ಇನ್ನೂ ಹತ್ತಿರದ ಉದಾಹರಣೆ ಬೇಕೇ? ಅಂಗಡಿಯ ಸೋಯಾ ವಡಿ, ಕರ್ನಾಟಕದಲ್ಲಿ ಮೀಲ್ ಮೇಕರ್ ಅನ್ನುತ್ತಾರಲ್ಲ, ಅದೂ ಎಕ್ಸ್‌ಟ್ರೂಡರಿನಿಂದ ಬಂದದ್ದು. ಅದರಲ್ಲಿ ನೂರಕ್ಕೆ 50ರಷ್ಟು ಪ್ರೋಟೀನು. ಕುರುಕಲು ತಿಂಡಿ, ಸೋಯಾ ವಡಿ ಒಂದೇ ಯಂತ್ರದ ಮಕ್ಕಳು.

ಹಾಗಿದ್ದರೆ ಕುರುಕಲು ತಿಂಡಿಗೆ ಸೋಯಾ ಹಾಕಿದರೆ ಕೆಲಸ ಮುಗಿಯಿತಲ್ಲ? ಸಂಶೋಧಕರ ತಲೆನೋವು ಶುರುವಾಗುವುದು ಇಲ್ಲೇ. ಉಬ್ಬುವುದು ಪಿಷ್ಟ. ಸೋಯಾದ ಪ್ರೋಟೀನು, ಎಣ್ಣೆ, ನಾರು ಉಬ್ಬುವಿಕೆಗೆ ಅಡ್ಡ ಬರುತ್ತವೆ. ಸೋಯಾ ಹೆಚ್ಚಿಸಿದಷ್ಟೂ ತಿಂಡಿ ಸಣ್ಣದು, ಭಾರ, ಗಟ್ಟಿ. ನಾಲಿಗೆಗೆ ಬೇಕಾದದ್ದು ಗಾಳಿ, ಮೈಗೆ ಬೇಕಾದದ್ದು ಸೋಯಾ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು, ರವೆಯಲ್ಲಿ ನೀರು ಎಷ್ಟು, ಬಿಸಿ ಎಷ್ಟು, ಸ್ಕ್ರೂ ನಿಮಿಷಕ್ಕೆ ಎಷ್ಟು ಸುತ್ತು ಅಂತ ಹುಡುಕುವುದೇ ಗೋವಿನಜೋಳ-ಸೋಯಾ ಸಂಶೋಧನೆಯ ದೊಡ್ಡ ಪಾಲು. ಅಳೆಯುವ ರೀತಿ ಸರಳ: ತಿಂಡಿಯ ವ್ಯಾಸವನ್ನು ಯಂತ್ರದ ತೂತಿನ ವ್ಯಾಸದಿಂದ ಭಾಗಿಸಬೇಕು. ತೂತು 3 ಮಿಲಿಮೀಟರ್, ತಿಂಡಿ 12 ಮಿಲಿಮೀಟರ್ ಇದ್ದರೆ ಉಬ್ಬಿನ ಅನುಪಾತ 4. ನಮ್ಮ ಲ್ಯಾಬಿನಲ್ಲಿ ಧೂಳು ತಿನ್ನುತ್ತಿರುವ ವರ್ನಿಯರ್ ಕ್ಯಾಲಿಪರ್‌ಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಸಾಂದ್ರತೆ ಬೇಕಿದ್ದರೆ ನೀರಿಗೆ ಹಾಕಬೇಡಿ, ಹೀರಿಕೊಂಡು ಮೆತ್ತಗಾಗುತ್ತದೆ. ಒಂದು ಲೋಟ ಸಾಸಿವೆಯಲ್ಲಿ ತಿಂಡಿಯನ್ನು ಹುಗಿದು, ಎಷ್ಟು ಸಾಸಿವೆ ಹೊರಚೆಲ್ಲಿತು ಅಂತ ಅಳೆಯಿರಿ. ದೊಡ್ಡ ಲ್ಯಾಬುಗಳಲ್ಲೂ ಕಾಳಿನಿಂದಲೇ ಹೀಗೆ ಅಳೆಯುತ್ತಾರೆ.

ಯಂತ್ರ ಪೂರ್ತಿ ನಿರಪರಾಧಿ ಅಂತಲೂ ಹೇಳಲಾರೆ. ಅಷ್ಟು ಬಿಸಿಯಲ್ಲಿ ಕೆಲವು ಜೀವಸತ್ವ ಕಡಿಮೆಯಾಗುತ್ತವೆ. ಲೈಸಿನ್ ಸಕ್ಕರೆಯ ಜೊತೆ ಕೂಡಿ ಕಂದು ಬಣ್ಣವಾಗಿ ಸ್ವಲ್ಪ ಹಾಳಾಗುತ್ತದೆ. ಮೇಲಿನ ಲೆಕ್ಕದ 5 ಗ್ರಾಂನಲ್ಲಿ ಚೂರು ಕಳೆಯಬೇಕು. ಬೂಸ್ಟು ಹತ್ತಿದ ಗೋವಿನಜೋಳದ ವಿಷ, ಅಫ್ಲಟಾಕ್ಸಿನ್, ಈ ಬಿಸಿಗೂ ಪೂರ್ತಿ ಹೋಗುವುದಿಲ್ಲ. ಆದರೆ ಇವೆಲ್ಲ ಸರಿಪಡಿಸಬಹುದಾದ ದೋಷಗಳು. ನನ್ನ ತಕರಾರು ಯಂತ್ರದ ಮೇಲಲ್ಲ, ಅದರೊಳಗೆ ಏನು ಸುರಿಯುತ್ತೇವೆ ಅನ್ನುವುದರ ಮೇಲೆ.

ನಮ್ಮ ಶಾಲೆಯ ಹತ್ತಿರದ ಅಂಗಡಿಯಿಂದ ಐದಾರು ತರಹದ ಪೊಟ್ಟಣ ತರಿಸಿ ವರ್ಗದಲ್ಲಿ ಲೇಬಲ್ ಓದಿಸಿದೆ. 100 ಗ್ರಾಂನಲ್ಲಿ ಕೊಬ್ಬು 30 ಗ್ರಾಂ ಆಚೀಚೆ, ಪ್ರೋಟೀನು 6 ಗ್ರಾಂ ಆಚೀಚೆ. ಸೋಯಾ ಹಿಟ್ಟಿನ ಹೆಸರು ಒಂದರಲ್ಲೂ ಕಾಣಲಿಲ್ಲ. 20 ಗ್ರಾಂ ತಿಂದರೆ ಎಣ್ಣೆ 6 ಗ್ರಾಂ, ಪ್ರೋಟೀನು ಒಂದೂವರೆ ಗ್ರಾಂ ಕೂಡ ಇಲ್ಲ. ಅಷ್ಟೇ ತೂಕದ ಶೇಂಗಾದಲ್ಲಿ 5 ಗ್ರಾಂ, ಸೋಯಾ ವಡಿಯಲ್ಲಿ 10 ಗ್ರಾಂ.

ಇದು ಬಾಯಿಚಪಲದ ತಿಂಡಿ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮುಂಜಾನೆ ಏನು ತಿಂದು ಬಂದಿರಿ ಅಂತ ಕೇಳಿದರೆ ಬಹಳ ಮಂದಿಯ ಉತ್ತರ ಚಹಾ. ಅವ್ವ ಹೊತ್ತು ಮೂಡುವ ಮೊದಲೇ ಕೂಲಿಗೆ ಹೋಗಿರುತ್ತಾಳೆ, ಕೈಯಲ್ಲಿ ಐದು ರೂಪಾಯಿ ಇಟ್ಟಿರುತ್ತಾಳೆ. ಆ ಪೊಟ್ಟಣವೇ ನಾಷ್ಟಾ. ಎಂಟನೇ ಇಯತ್ತೆಯವರೆಗೆ ಶಾಲೆಯಲ್ಲಿ ಪೋಷಣ ಆಹಾರ ಇದೆ; ಆರರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ದಿನಕ್ಕೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು ಸಿಗಬೇಕು ಅಂತ ನಿಯಮ. ಒಂಬತ್ತನೇ ಇಯತ್ತೆಗೆ ಬಂದ ಕೂಡಲೇ ಅದು ಬಂದ್. ಎತ್ತರ ಬೆಳೆಯುವ ವಯಸ್ಸಿನಲ್ಲಿ 20 ಗ್ರಾಂ ಹೋಗಿ ಒಂದು ಗ್ರಾಂ ಚಿಲ್ಲರೆ ಆಗುತ್ತದೆ. ಗಡಿಯಾಚೆ ಆಳಂದ, ಅಫಜಲಪುರದ ಸರಕಾರಿ ಹೈಸ್ಕೂಲುಗಳಲ್ಲಿ ಹತ್ತನೇ ತರಗತಿಯವರಿಗೂ ಬಿಸಿಯೂಟ ಇದೆ, ಕರ್ನಾಟಕ ತನ್ನ ಖರ್ಚಿನಲ್ಲಿ ಕೊಡುತ್ತದೆ. ಅಲ್ಲಿಯ ಮಗುವಿನ ಹೊಟ್ಟೆಗೂ ಇಲ್ಲಿಯ ಮಗುವಿನ ಹೊಟ್ಟೆಗೂ ಏನು ಫರಕು?

2020ರ ಆಹಾರ ಸುರಕ್ಷಾ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಒಳಗೆ, ಗೇಟಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ. ನಿಯಮ ಸರಿ. ಆದರೆ ಬೇರೆ ಏನೂ ಕೊಡದೆ ಅಂಗಡಿ ಆಯಿಯನ್ನು 51ನೇ ಮೀಟರಿಗೆ ದಬ್ಬಿದರೆ ಹಸಿದ ಮಗು ಒಂದು ಮೀಟರ್ ಹೆಚ್ಚು ನಡೆಯುತ್ತದೆ, ಅಷ್ಟೇ. ಪ್ರೋಟೀನು ಪುಡಿ ಡಬ್ಬಿಯ ಜಾಹೀರಾತಿಗೂ ಮರುಳಾಗಬೇಡಿ. ಸಾತಾರಾ ಜಿಲ್ಲೆಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಪಾಂಡುರಂಗ ಸುಖಾತ್ಮೆ ಬಡವರಿಗೆ ಮೊದಲು ಕೊರತೆ ಇರುವುದು ಹೊಟ್ಟೆ ತುಂಬ ಊಟದ್ದೇ, ಪ್ರೋಟೀನು ಕೊರತೆ ಅದರ ಹಿಂದಿನಿಂದ ಬರುವುದು ಅಂತ ವಾದಿಸಿದ್ದರು. ಒಂಬತ್ತು, ಹತ್ತಕ್ಕೂ ಖಿಚಡಿ ಬರಲಿ, ಅದು ಮೊದಲು. ಅಲ್ಲಿಯವರೆಗೆ ಮುಂಜಾನೆಯ ಪೊಟ್ಟಣ ತಪ್ಪುವುದಿಲ್ಲ ಅನ್ನುವುದಾದರೆ ಅದು ಗೋವಿನಜೋಳ-ಸೋಯಾದ್ದು, ಸಾಧ್ಯವಾದರೆ ನಮ್ಮ ಬಿಳಿಜೋಳವೂ ಸೇರಿದ್ದು, ಎಣ್ಣೆಯಲ್ಲಿ ತೋಯಿಸದೆ ಹುರಿದದ್ದು ಆಗಿರಲಿ. ಸ್ವಲ್ಪ ಕಡಿಮೆ ಉಬ್ಬಿದರೆ ಉಬ್ಬಲಿ. ಯಂತ್ರ ದುಬಾರಿ, ಒಂದು ಬಚತ್ ಗಟದ ಮಹಿಳೆಯರಿಂದ ಆಗುವ ಕೆಲಸ ಅಲ್ಲ. ಸೋಯಾ ಕೊಳ್ಳುವ ಮಂದಿ, ಪೋಷಣ ಆಹಾರದ ಟೆಂಡರ್ ಬರೆಯುವ ಮಂದಿ ಮನಸ್ಸು ಮಾಡಬೇಕು.

ನನ್ನ ಓರಗೆಯ ಶಿಕ್ಷಕರಿಗೂ ಒಂದು ಮಾತು ಇದೆ. "ಪ್ಲಾಸ್ಟಿಕ್ ಅಂದರ ಹುಡುಗರು ಬಿಡತಾವ, ಅಂದರ ಏನಾತು?" ಅಂತ ಒಬ್ಬ ಹಿರಿಯ ಶಿಕ್ಷಕರು ನನಗೆ ಕೇಳಿದ್ದರು. ಆಗುವುದು ಇಷ್ಟು: ಶೇಂಗಾ ಸುಟ್ಟು ನೋಡಿದ ಮಗುವಿಗೆ ನಮ್ಮ ಸುಳ್ಳು ಗೊತ್ತಾಗುತ್ತದೆ. ಆಮೇಲೆ ಎಣ್ಣೆ, ಉಪ್ಪಿನ ಬಗ್ಗೆ ನಾವು ನಿಜ ಹೇಳಿದರೂ ಅದು ನಂಬುವುದಿಲ್ಲ. ಮರುದಿನ ನಾನು ವರ್ಗದ ಮುಂದೆ ನಿಂತು ನಿನ್ನೆ ಹೇಳಿದ್ದು ತಪ್ಪು ಅಂದೆ. ಎರಡು ನಿಮಿಷ ಮುಖ ಕೆಂಪಾಯಿತು. ಅಯೋಡಿನ್ ಬಾಟಲಿ ತರಿಸಿದೆವು.

ಆ ಹುಡುಗಿ ಈಗ ಸೋಲಾಪುರದಲ್ಲಿ ಹನ್ನೆರಡನೇ ಇಯತ್ತೆ ಸೈನ್ಸ್. ಕಳೆದ ರಜೆಗೆ ಊರಿಗೆ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು "ಸರ್, ಸೋಯಾ ವಡಿ ಸುಟ್ಟು ನೋಡೀರೇನ್ರಿ?" ಅಂತ ಕೇಳಿದಳು. ನೋಡಿರಲಿಲ್ಲ. ಮನೆಗೆ ಬಂದು ಸುಟ್ಟೆ. ಎಣ್ಣೆ ತೆಗೆದ ಹಿಟ್ಟಿನದ್ದಾದ್ದರಿಂದ ಹತ್ತಿಕೊಳ್ಳಲು ತಡ ಮಾಡಿತು, ಸರಿಯಾಗಿ ಉರಿಯಲೂ ಇಲ್ಲ, ಕರಿಕಾಯಿತು. ಮನೆ ತುಂಬ ಕೂದಲು ಸುಟ್ಟ ವಾಸನೆ. ಕೂದಲೂ ಪ್ರೋಟೀನೇ ಅಲ್ಲವೇ.